ಅವಧಿಪೂರ್ವ ಶಿಶುಗಳಿಗೆ ಸಾರವರ್ಧಿತ ತಾಯಿಹಾಲು: ಅಗತ್ಯ, ಅಳತೆ ಮತ್ತು ವ್ಯಾಪಾರದ ಎಲ್ಲೆ

ಗರ್ಭಧಾರಣೆಯ 37 ವಾರಗಳು ಪೂರ್ಣಗೊಳ್ಳುವ ಮುನ್ನವೇ ಜನಿಸುವ ಶಿಶುವನ್ನು ವೈದ್ಯಶಾಸ್ತ್ರವು ಅವಧಿಪೂರ್ವ ಶಿಶು ಎಂದು ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಅವಧಿಗೆ ಮುನ್ನ ಜನಿಸಿದವು. ಅವುಗಳಲ್ಲಿ ಸುಮಾರು 30 ಲಕ್ಷ, ಅಂದರೆ ಐದನೆಯ ಒಂದು ಪಾಲಿಗಿಂತಲೂ ಹೆಚ್ಚು, ಭಾರತದಲ್ಲಿಯೇ ಜನಿಸಿದವು. ಇವುಗಳಲ್ಲಿ ಬಹುಪಾಲು ಶಿಶುಗಳು ತಾಯಿಯ ಹಾಲಿನಿಂದಲೇ ಬೆಳೆಯುತ್ತವೆ. ಆದರೆ 32 ವಾರಗಳಿಗೂ ಮುನ್ನ ಜನಿಸಿದ ಅಥವಾ ಒಂದೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕವಿರುವ ಶಿಶುಗಳ ವಿಚಾರ ಬೇರೆ. ಅವುಗಳಿಗೆ ತಾಯಿಹಾಲು ಅತ್ಯಂತ ಸುರಕ್ಷಿತ ಆಹಾರವಾಗಿದ್ದರೂ ಬೆಳವಣಿಗೆಗೆ ಅದೊಂದೇ ಸಾಲದು. ಈ ಕೊರತೆಯನ್ನು ತುಂಬಲು ಹಾಲಿಗೆ ಬೆರೆಸುವ ಪೋಷಕಾಂಶಗಳ ಮಿಶ್ರಣವೇ ತಾಯಿಹಾಲಿನ ಸಾರವರ್ಧಕ. ಆಸ್ಪತ್ರೆಗಳಲ್ಲಿ ಇದು ಫೋರ್ಟಿಫೈಯರ್ ಎಂಬ ಹೆಸರಿನಿಂದಲೇ ಪರಿಚಿತ.

ವಾಣಿಜ್ಯ ವಲಯಕ್ಕೂ ಈ ವಿಷಯಕ್ಕೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. ಔಷಧ ವಿತರಕರು, ಆಸ್ಪತ್ರೆ ಸಾಮಗ್ರಿಗಳ ವರ್ತಕರು, ತೂಕದ ಯಂತ್ರ ಹಾಗೂ ಶೀತಲ ಪೆಟ್ಟಿಗೆಗಳ ತಯಾರಕರು, ಆಹಾರ ಪ್ಯಾಕಿಂಗ್ ಘಟಕಗಳವರು ಒಂದಲ್ಲ ಒಂದು ಹಂತದಲ್ಲಿ ಈ ಸರಪಳಿಯ ಕೊಂಡಿಗಳಾಗಿರುತ್ತಾರೆ. ಸಾಮಾನ್ಯ ಸರಕಿಗೆ ಅನ್ವಯಿಸುವ ಮಾರಾಟದ ರೀತಿನೀತಿಗಳು ಇಲ್ಲಿ ಅನ್ವಯಿಸುವುದಿಲ್ಲ. ಸಾರವರ್ಧಕವು ತಾಯಿಹಾಲಿಗೆ ಪೂರಕವೇ ಹೊರತು ಬದಲಿಯಲ್ಲ ಎಂಬ ಒಂದು ಅಂಶದ ಮೇಲೆಯೇ ಈ ಉತ್ಪನ್ನದ ಉಪಯೋಗವೂ ಅದರ ವ್ಯಾಪಾರದ ಎಲ್ಲೆಯೂ ನಿಂತಿದೆ.

ಗರ್ಭದಲ್ಲಿ ದೊರೆಯಬೇಕಿದ್ದ ಪಾಲು

ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳು ಶಿಶುವಿನ ಪಾಲಿಗೆ ಸಂಗ್ರಹಣೆಯ ಕಾಲ. 28 ವಾರಗಳ ವೇಳೆಗೆ ಸುಮಾರು ಒಂದು ಕಿಲೋಗ್ರಾಂ ಇರುವ ಭ್ರೂಣವು ಮುಂದಿನ 12 ವಾರಗಳಲ್ಲಿ ಅದರ ಮೂರರಷ್ಟು ತೂಕವನ್ನು ಮುಟ್ಟುತ್ತದೆ. ಪೂರ್ಣಾವಧಿ ಶಿಶುವಿನ ಮೂಳೆಗಳಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕದಲ್ಲಿ ಶೇ. 80ರಷ್ಟು ಈ ಅವಧಿಯಲ್ಲಿಯೇ ತಾಯಿಯಿಂದ ಶಿಶುವಿಗೆ ವರ್ಗಾವಣೆಯಾಗುತ್ತದೆ. ಕಬ್ಬಿಣ, ಸತು ಮತ್ತು ಕೊಬ್ಬಿನ ದಾಸ್ತಾನು ಕೂಡ ಈ ದಿನಗಳಲ್ಲಿಯೇ ತುಂಬಿಕೊಳ್ಳುತ್ತದೆ. ಮೆದುಳಿನ ಬೆಳವಣಿಗೆಯೂ ಇದೇ ಕಾಲದಲ್ಲಿ ಬಿರುಸಾಗಿ ಸಾಗುತ್ತದೆ.

ಅವಧಿಗೆ ಮುನ್ನ ಜನಿಸಿದ ಶಿಶುವಿಗೆ ಈ ದಾಸ್ತಾನು ದೊರೆತಿರುವುದಿಲ್ಲ. ಆದರೆ ಬೆಳವಣಿಗೆಯ ಬೇಡಿಕೆ ಮಾತ್ರ ಗರ್ಭದಲ್ಲಿದ್ದಷ್ಟೇ ಇರುತ್ತದೆ. ಆದುದರಿಂದ ಇಂತಹ ಶಿಶು ದಿನವೊಂದಕ್ಕೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ 15ರಿಂದ 20 ಗ್ರಾಂ ಹೆಚ್ಚಬೇಕೆಂಬ ಗುರಿಯನ್ನು ವೈದ್ಯರು ಇಟ್ಟುಕೊಳ್ಳುತ್ತಾರೆ. 1,200 ಗ್ರಾಂ ತೂಗುವ ಶಿಶುವಿನ ವಿಚಾರದಲ್ಲಿ ಇದು ದಿನಕ್ಕೆ 18ರಿಂದ 24 ಗ್ರಾಂ ಆಗುತ್ತದೆ. ಪ್ರೋಟೀನು ಸಾಲದಿದ್ದರೆ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯ ಬೆಳವಣಿಗೆ ಹಿಂದುಳಿಯುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕ ಸಾಲದಿದ್ದರೆ ಮೂಳೆಗಳು ಮೃದುವಾಗಿ, ಕೆಲವು ಶಿಶುಗಳಲ್ಲಿ ತಾವಾಗಿಯೇ ಮುರಿಯುವುದೂ ಉಂಟು.

ಜಮಾ-ಖರ್ಚಿನ ಲೆಕ್ಕ

ಈ ಕೊರತೆ ಎಷ್ಟೆಂಬುದನ್ನು ವರ್ತಕರಿಗೆ ಪರಿಚಿತವಾದ ಜಮಾ-ಖರ್ಚಿನ ರೀತಿಯಲ್ಲಿಯೇ ತಿಳಿಯಬಹುದು. ಮೇಲೆ ಹೇಳಿದ 1,200 ಗ್ರಾಂ ತೂಕದ ಶಿಶುವನ್ನೇ ತೆಗೆದುಕೊಳ್ಳೋಣ. ಅದಕ್ಕೆ ದಿನಕ್ಕೆ ಪ್ರತಿ ಕಿಲೋಗ್ರಾಮಿಗೆ 180 ಮಿಲಿಲೀಟರಿನಂತೆ ಒಟ್ಟು 216 ಮಿಲಿಲೀಟರ್ ಹಾಲು ನೀಡಲಾಗುತ್ತಿದೆ ಎಂದಿಟ್ಟುಕೊಳ್ಳಬಹುದು. ಹೆರಿಗೆಯಾಗಿ ಕೆಲವು ವಾರಗಳು ಕಳೆದ ಮೇಲೆ 100 ಮಿಲಿಲೀಟರ್ ತಾಯಿಹಾಲಿನಲ್ಲಿ ಸರಾಸರಿ 67 ಕಿಲೋಕ್ಯಾಲರಿ ಶಕ್ತಿ, ಸುಮಾರು 1 ಗ್ರಾಂ ಪ್ರೋಟೀನು, 25 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 14 ಮಿಲಿಗ್ರಾಂ ರಂಜಕ ಇರುತ್ತವೆ.

ಶಕ್ತಿಯ ಬಾಬ್ತಿನಲ್ಲಿ ಶಿಶುವಿಗೆ ದಿನಕ್ಕೆ ಸುಮಾರು 145 ಕಿಲೋಕ್ಯಾಲರಿ ಜಮೆಯಾಗುತ್ತದೆ. ಕನಿಷ್ಠ ಅಗತ್ಯ ಸುಮಾರು 138. ಇಲ್ಲಿ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ಪ್ರೋಟೀನಿನ ಬಾಬ್ತಿನಲ್ಲಿ ಜಮೆಯಾಗುವುದು 2.2 ಗ್ರಾಂ, ಬೇಕಾಗುವುದು ಕನಿಷ್ಠ 4.2 ಗ್ರಾಂ. ಕ್ಯಾಲ್ಸಿಯಂ ಜಮೆ 54 ಮಿಲಿಗ್ರಾಂ, ಅಗತ್ಯ 144 ಮಿಲಿಗ್ರಾಂ. ರಂಜಕದ ಜಮೆ 30 ಮಿಲಿಗ್ರಾಂ, ಅಗತ್ಯ 84 ಮಿಲಿಗ್ರಾಂ. ಅಂದರೆ ಹೊಟ್ಟೆ ತುಂಬ ಹಾಲು ಕುಡಿದ ಶಿಶುವಿಗೂ ಪ್ರೋಟೀನಿನಲ್ಲಿ ಅರ್ಧದಷ್ಟು, ಖನಿಜಗಳಲ್ಲಿ ಮೂರನೆಯ ಎರಡು ಪಾಲಿನಷ್ಟು ಖೋತಾ ಉಳಿಯುತ್ತದೆ.

ಹಾಲಿನ ಪ್ರಮಾಣವನ್ನೇ ಹೆಚ್ಚಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಪ್ರೋಟೀನಿನ ಅಗತ್ಯವನ್ನು ಬರಿಯ ಹಾಲಿನಿಂದಲೇ ಪೂರೈಸಬೇಕಾದರೆ ಈ ಶಿಶುವಿಗೆ ದಿನಕ್ಕೆ 400 ಮಿಲಿಲೀಟರಿಗೂ ಹೆಚ್ಚು ಹಾಲು ಬೇಕಾದೀತು. ಅಷ್ಟು ದ್ರವವನ್ನು ತಾಳಿಕೊಳ್ಳುವ ಶಕ್ತಿ ಅದರ ಕರುಳಿಗಾಗಲಿ, ಹೃದಯ-ಶ್ವಾಸಕೋಶಗಳಿಗಾಗಲಿ ಇರುವುದಿಲ್ಲ. ಆದಕಾರಣ ಹಾಲಿನ ಗಾತ್ರವನ್ನು ಹೆಚ್ಚಿಸದೆ ಅದರ ಸಾರವನ್ನು ಮಾತ್ರ ಹೆಚ್ಚಿಸುವ ಮಾರ್ಗವನ್ನು ವೈದ್ಯರು ಅನುಸರಿಸಿದ್ದಾರೆ.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಅವಧಿಗೆ ಮುನ್ನ ಹೆತ್ತ ತಾಯಿಯ ಮೊದಲ ದಿನಗಳ ಹಾಲಿನಲ್ಲಿ ಪ್ರೋಟೀನು ಹೆಚ್ಚಿರುತ್ತದೆ, ವಾರಗಳು ಕಳೆದಂತೆ ಅದು ಇಳಿಯುತ್ತದೆ. ದಾನಿಗಳ ಹಾಲು ಸಾಮಾನ್ಯವಾಗಿ ಪೂರ್ಣಾವಧಿಗೆ ಹೆತ್ತು ತಿಂಗಳುಗಳು ಕಳೆದ ತಾಯಂದಿರಿಂದ ಬರುವುದರಿಂದ ಅದರಲ್ಲಿ ಪ್ರೋಟೀನು ಇನ್ನೂ ಕಡಿಮೆ. ಹೀಗಾಗಿ ಒಂದೇ ಅಳತೆಯ ಪುಡಿಯಿಂದ ಎಲ್ಲ ಶಿಶುಗಳ ಕೊರತೆಯೂ ಸಮನಾಗಿ ತುಂಬುವುದಿಲ್ಲ. ಶಿಶುವಿನ ರಕ್ತದಲ್ಲಿನ ಯೂರಿಯಾ ಪ್ರಮಾಣವನ್ನು ನೋಡಿ ಅಥವಾ ಹಾಲನ್ನೇ ಯಂತ್ರದಲ್ಲಿ ಪರೀಕ್ಷಿಸಿ ಪ್ರೋಟೀನನ್ನು ಏರಿಳಿಸುವ ಪದ್ಧತಿಗಳೂ ಕೆಲವು ಆಸ್ಪತ್ರೆಗಳಲ್ಲಿ ರೂಢಿಯಲ್ಲಿವೆ.

ಪುಡಿಯ ಸ್ವರೂಪ ಮತ್ತು ಅಳತೆ

ಬಳಕೆಯಲ್ಲಿರುವ ಸಾರವರ್ಧಕಗಳಲ್ಲಿ ಹೆಚ್ಚಿನವು ಹಸುವಿನ ಹಾಲಿನಿಂದ ಪಡೆದ ಪ್ರೋಟೀನಿಗೆ ಕ್ಯಾಲ್ಸಿಯಂ, ರಂಜಕ, ಸತು, ಜೀವಸತ್ವಗಳು ಹಾಗೂ ಶಕ್ತಿಗಾಗಿ ಸಕ್ಕರೆಯ ಅಂಶ ಅಥವಾ ಕೊಬ್ಬನ್ನು ಸೇರಿಸಿ ತಯಾರಿಸಿದವು. ಇವು ಪುಡಿಯ ರೂಪದಲ್ಲಿಯೂ ದ್ರವ ರೂಪದಲ್ಲಿಯೂ ದೊರೆಯುತ್ತವೆ. ಪುಡಿಯು ಸಾಮಾನ್ಯವಾಗಿ ಒಂದು ಅಥವಾ ಎರಡು ಗ್ರಾಮಿನ ಚಿಕ್ಕ ಪೊಟ್ಟಣಗಳಲ್ಲಿ ಬರುತ್ತದೆ. ಒಂದು ಗ್ರಾಮಿನ ಪೊಟ್ಟಣವನ್ನು 25 ಮಿಲಿಲೀಟರ್ ಹಾಲಿಗೆ ಬೆರೆಸುವುದು ಪ್ರಚಲಿತ ಅಳತೆಗಳಲ್ಲೊಂದು. ಇಂತಹ ಪುಡಿ 100 ಮಿಲಿಲೀಟರ್ ಹಾಲಿಗೆ ಒಂದು ಗ್ರಾಂ ಪ್ರೋಟೀನನ್ನು ಸೇರಿಸುವುದಾದರೆ ಮೇಲಿನ ಶಿಶುವಿನ ಪ್ರೋಟೀನು ಲೆಕ್ಕ 2.2 ಗ್ರಾಮಿನಿಂದ 4.3 ಗ್ರಾಮಿಗೆ ಏರಿ ಖೋತಾ ತುಂಬಿಕೊಳ್ಳುತ್ತದೆ.

ಶಿಶುವು ದಿನಕ್ಕೆ ಪ್ರತಿ ಕಿಲೋಗ್ರಾಮಿಗೆ ಸುಮಾರು 50ರಿಂದ 100 ಮಿಲಿಲೀಟರ್ ಹಾಲನ್ನು ಅರಗಿಸಿಕೊಳ್ಳುವ ಹಂತಕ್ಕೆ ಬಂದ ಮೇಲೆ ಸಾರವರ್ಧನೆಯನ್ನು ಆರಂಭಿಸುವುದು ವಾಡಿಕೆ. ಶಿಶು ತಾಯಿಯ ಎದೆಯಿಂದ ನೇರವಾಗಿ ಚೆನ್ನಾಗಿ ಹಾಲು ಕುಡಿಯತೊಡಗಿದಾಗ ಅಥವಾ ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಇದನ್ನು ನಿಲ್ಲಿಸಲಾಗುತ್ತದೆ. ಆರಂಭಿಸುವ, ಏರಿಸುವ ಮತ್ತು ನಿಲ್ಲಿಸುವ ತೀರ್ಮಾನ ಸಂಪೂರ್ಣವಾಗಿ ಶಿಶುವೈದ್ಯರದು.

ಅಳತೆಯ ತಪ್ಪು ಎಷ್ಟು ಸುಲಭವಾಗಿ ಸಂಭವಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೇಲಿನ ಶಿಶುವಿಗೆ ಎರಡು ಗಂಟೆಗೊಮ್ಮೆ ಹಾಲು ನೀಡುವುದಾದರೆ ಒಂದು ಸಲಕ್ಕೆ 18 ಮಿಲಿಲೀಟರ್ ಆಗುತ್ತದೆ. ಪೊಟ್ಟಣವಿರುವುದು 25 ಮಿಲಿಲೀಟರಿಗೆ. ಪೊಟ್ಟಣವನ್ನು ಪೂರ್ತಿಯಾಗಿ 18 ಮಿಲಿಲೀಟರಿಗೇ ಸುರಿದರೆ ಹಾಲಿನ ಸಾಂದ್ರತೆ ನಿಗದಿಗಿಂತ ಸುಮಾರು ಶೇ. 39ರಷ್ಟು ಹೆಚ್ಚಾಗುತ್ತದೆ. ಕರಗಿದ ಕಣಗಳ ಒತ್ತಡ ಹೆಚ್ಚಿದ ಹಾಲನ್ನು ಎಳೆಯ ಕರುಳು ತಾಳದು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡಿ ಬಳಸುವುದೂ ಅಷ್ಟೇ ತಪ್ಪು. 25 ಮಿಲಿಲೀಟರ್ ಹಾಲನ್ನು ಸಿರಿಂಜಿನಿಂದ ನಿಖರವಾಗಿ ಅಳೆದು, ಅದಕ್ಕೆ ಒಂದು ಪೊಟ್ಟಣವನ್ನು ಪೂರ್ತಿ ಬೆರೆಸಿ, ಅದರಲ್ಲಿ 18 ಮಿಲಿಲೀಟರನ್ನು ಮಾತ್ರ ನೀಡುವುದು ಸರಿಯಾದ ಕ್ರಮ.

ಒಂದು ತಯಾರಕರ ಪುಡಿಗೂ ಇನ್ನೊಬ್ಬರ ಪುಡಿಗೂ ಪ್ರೋಟೀನು, ಕಬ್ಬಿಣ ಮತ್ತು ಜೀವಸತ್ವಗಳ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರುತ್ತದೆ. ದಾಸ್ತಾನು ಮುಗಿದಿದೆ ಎಂದು ಒಂದರ ಬದಲಿಗೆ ಮತ್ತೊಂದನ್ನು ಆಸ್ಪತ್ರೆಗೆ ಕಳುಹಿಸುವ ವಿತರಕರು ಈ ಬದಲಾವಣೆಯನ್ನು ಬರಹದಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲವಾದರೆ ಪ್ರತ್ಯೇಕವಾಗಿ ನೀಡುತ್ತಿರುವ ಕಬ್ಬಿಣ ಅಥವಾ ಜೀವಸತ್ವದ ಹನಿಗಳ ಲೆಕ್ಕ ತಪ್ಪಿ, ಶಿಶುವಿಗೆ ಅದು ಇಮ್ಮಡಿಯಾಗಬಹುದು ಅಥವಾ ದೊರೆಯದೆಯೇ ಹೋಗಬಹುದು.

ಅಧ್ಯಯನಗಳು ಹೇಳುವುದೇನು

ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ 166 ಅವಧಿಪೂರ್ವ ಶಿಶುಗಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸಾರವರ್ಧಿತ ಹಾಲು ಪಡೆದ ಶಿಶುಗಳು ದಿನಕ್ಕೆ ಪ್ರತಿ ಕಿಲೋಗ್ರಾಮಿಗೆ ಸರಾಸರಿ 15.1 ಗ್ರಾಂ ತೂಕ ಪಡೆದರೆ, ಪಡೆಯದ ಶಿಶುಗಳು 12.9 ಗ್ರಾಂ ಪಡೆದವು. ಉದ್ದ ಮತ್ತು ತಲೆಯ ಸುತ್ತಳತೆಯಲ್ಲಿಯೂ ಮೊದಲ ಗುಂಪೇ ಮುಂದಿತ್ತು. ಹಲವು ದೇಶಗಳ 18 ಪ್ರಯೋಗಗಳನ್ನು, ಒಟ್ಟು 1,456 ಶಿಶುಗಳ ವಿವರಗಳನ್ನು ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇದನ್ನೇ ಸಮರ್ಥಿಸಿತು. ಅದರ ಪ್ರಕಾರ ಸಾರವರ್ಧನೆಯಿಂದ ದಿನಕ್ಕೆ ಪ್ರತಿ ಕಿಲೋಗ್ರಾಮಿಗೆ ಸರಾಸರಿ 1.76 ಗ್ರಾಂ ಹೆಚ್ಚುವರಿ ತೂಕ ದೊರೆಯುತ್ತದೆ.

ಈ ಲಾಭದ ಎಲ್ಲೆಯನ್ನೂ ಅದೇ ಸಮೀಕ್ಷೆ ಸೂಚಿಸಿದೆ. ಆಸ್ಪತ್ರೆಯಲ್ಲಿರುವಾಗಿನ ಬೆಳವಣಿಗೆ ಉತ್ತಮಗೊಳ್ಳುವುದು ಕಂಡುಬಂದರೂ, ಮುಂದಿನ ವರ್ಷಗಳ ದೇಹದ ಬೆಳವಣಿಗೆ ಅಥವಾ ಬುದ್ಧಿಯ ವಿಕಾಸದ ಮೇಲೆ ಇದರ ಪರಿಣಾಮಕ್ಕೆ ದೃಢವಾದ ಆಧಾರ ದೊರೆತಿಲ್ಲ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2022ರ ತನ್ನ ಶಿಫಾರಸುಗಳಲ್ಲಿ ಎಚ್ಚರಿಕೆಯ ನಿಲುವು ತಳೆದಿದೆ. ಎಲ್ಲ ಅವಧಿಪೂರ್ವ ಶಿಶುಗಳಿಗೂ ಸಾರವರ್ಧನೆಯನ್ನು ವಾಡಿಕೆಯಾಗಿ ಅದು ಶಿಫಾರಸು ಮಾಡುವುದಿಲ್ಲ. 32 ವಾರಗಳಿಗೆ ಮುನ್ನ ಜನಿಸಿದ ಅಥವಾ ಒಂದೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ, ತಾಯಿಹಾಲು ಇಲ್ಲವೇ ದಾನಿಯ ಹಾಲನ್ನು ಪಡೆಯುತ್ತಿರುವ ಶಿಶುಗಳಿಗೆ ಮಾತ್ರ ಇದನ್ನು ಪರಿಗಣಿಸಬಹುದು ಎಂದಿದೆ. ಮಾರುಕಟ್ಟೆಯ ಗಾತ್ರವನ್ನು ಅಂದಾಜು ಮಾಡುವವರು 30 ಲಕ್ಷವೆಂಬ ಅಂಕಿಯನ್ನಲ್ಲ, ಅದರಲ್ಲಿನ ಈ ಚಿಕ್ಕ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ಮೂಲದ ಪ್ರಶ್ನೆ ಮತ್ತು ಬೆಲೆಯ ಪ್ರಶ್ನೆ

ಅಮೆರಿಕದಲ್ಲಿ ದಾನಿ ತಾಯಂದಿರ ಹಾಲನ್ನೇ ಸಾಂದ್ರೀಕರಿಸಿ ತಯಾರಿಸಿದ ಸಾರವರ್ಧಕಗಳೂ ಮಾರಾಟದಲ್ಲಿವೆ. ಇವುಗಳ ಬೆಲೆ ಹಸುವಿನ ಹಾಲಿನ ಮೂಲದವುಗಳಿಗಿಂತ ಅನೇಕ ಪಟ್ಟು ಹೆಚ್ಚು. ಅವಧಿಪೂರ್ವ ಶಿಶುಗಳ ಕರುಳಿನ ಪೊರೆ ಕೊಳೆಯುವ ಮಾರಕ ಬೇನೆಯೊಂದು ಮಾನವ ಹಾಲಿನ ಸಾರವರ್ಧಕ ಬಳಸಿದಾಗ ಕಡಿಮೆಯಾಗುತ್ತದೆ ಎಂಬುದು ಇವುಗಳ ಪರವಾದ ಮುಖ್ಯ ವಾದವಾಗಿತ್ತು. 2010ರಲ್ಲಿ ಪ್ರಕಟವಾದ 207 ಶಿಶುಗಳ ಪ್ರಯೋಗ ಈ ವಾದಕ್ಕೆ ಇಂಬು ನೀಡಿತು. ಆದರೆ ಆ ಪ್ರಯೋಗದಲ್ಲಿ ತಾಯಿಹಾಲು ಸಾಲದಾದಾಗ ಒಂದು ಗುಂಪಿಗೆ ದಾನಿಯ ಹಾಲನ್ನೂ ಇನ್ನೊಂದಕ್ಕೆ ಫಾರ್ಮುಲಾ ಹಾಲನ್ನೂ ನೀಡಿದ್ದರಿಂದ, ವ್ಯತ್ಯಾಸ ಸಾರವರ್ಧಕದಿಂದಲೇ ಬಂದಿತೆಂದು ಹೇಳುವಂತಿರಲಿಲ್ಲ. ಎರಡೂ ಗುಂಪುಗಳಿಗೆ ಮಾನವ ಹಾಲನ್ನೇ ನೀಡಿ ಸಾರವರ್ಧಕವನ್ನು ಮಾತ್ರ ಬೇರೆ ಮಾಡಿ ಸ್ವೀಡನ್ನಿನಲ್ಲಿ 228 ಶಿಶುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂದಿತು. ಕರುಳಿನ ಬೇನೆ, ರಕ್ತದ ಸೋಂಕು ಹಾಗೂ ಮರಣವನ್ನು ಒಟ್ಟಾಗಿ ಪರಿಗಣಿಸಿದಾಗ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಶಿಶುವಿನ ರಕ್ಷಣೆ ಹೆಚ್ಚಾಗಿ ಮೂಲ ಹಾಲಿನಿಂದ ಬರುತ್ತದೆ, ಸಾರವರ್ಧಕದ ಬೆಲೆಯಿಂದಲ್ಲ.

ಭಾರತದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾಮಾನ್ಯ ಸಾರವರ್ಧಕದ ವೆಚ್ಚವೂ ಭಾರವೇ. ಮೇಲೆ ಹೇಳಿದ ಶಿಶುವೊಂದಕ್ಕೇ ದಿನಕ್ಕೆ ಎಂಟೊಂಬತ್ತು ಪೊಟ್ಟಣಗಳು ಬೇಕು. ಈ ಹಿನ್ನೆಲೆಯಲ್ಲಿ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 123 ಶಿಶುಗಳ ಮೇಲೆ ಪ್ರಯೋಗವೊಂದನ್ನು ನಡೆಸಿದರು. ಸಾರವರ್ಧಕದ ಬದಲಿಗೆ ಕಡಿಮೆ ವೆಚ್ಚದ ಅವಧಿಪೂರ್ವ ಫಾರ್ಮುಲಾ ಪುಡಿಯನ್ನೇ ಅಳತೆಯಾಗಿ ತಾಯಿಹಾಲಿಗೆ ಬೆರೆಸಿದರೆ ತೂಕದ ಹೆಚ್ಚಳದಲ್ಲಿ ಹಿನ್ನಡೆಯಾಗುವುದಿಲ್ಲವೆಂದು 2021ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ದುಬಾರಿ ಪೊಟ್ಟಣಗಳ ಮಾರುಕಟ್ಟೆಯನ್ನು ನಂಬಿ ಬಂಡವಾಳ ಹೂಡುವವರು ಈ ಬೆಳವಣಿಗೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಶುಚಿತ್ವ: ಕಡೆಗಣಿಸಲಾಗದ ಅಂಶ

ಶಿಶುಗಳಿಗಾಗಿ ತಯಾರಾಗುವ ಹಾಲಿನ ಪುಡಿ ಸಂಪೂರ್ಣ ಕ್ರಿಮಿಶುದ್ಧವಲ್ಲ ಎಂಬುದು ಅನೇಕ ವರ್ತಕರಿಗೆ ತಿಳಿದಿರುವುದಿಲ್ಲ. ಕ್ರೋನೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಪುಡಿ ದ್ರವಕ್ಕೆ ಬೆರೆತು ಬೆಚ್ಚನೆಯ ಸ್ಥಳದಲ್ಲಿ ಉಳಿದರೆ ಅದು ವೇಗವಾಗಿ ವೃದ್ಧಿಯಾಗುತ್ತದೆ. 2001ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಇದೇ ಸೂಕ್ಷ್ಮಾಣುವಿನಿಂದ ಮೆದುಳುಪೊರೆಯ ಸೋಂಕು ತಗುಲಿ ಶಿಶುವೊಂದು ಅಸುನೀಗಿತು. ಸೋಂಕಿನ ಮೂಲ ಫಾರ್ಮುಲಾ ಪುಡಿಯ ಡಬ್ಬಿಯೆಂದು ತನಿಖೆಯಿಂದ ತಿಳಿದುಬಂದಿತು. ಆ ನಂತರ ತೀವ್ರ ನಿಗಾ ಘಟಕಗಳಲ್ಲಿ ಸಾಧ್ಯವಿದ್ದಲ್ಲಿ ಕ್ರಿಮಿಶುದ್ಧ ದ್ರವ ರೂಪದ ಉತ್ಪನ್ನಗಳನ್ನು ಬಳಸುವ ಪರಿಪಾಠ ಆ ದೇಶದಲ್ಲಿ ಬೆಳೆಯಿತು.

ಪುಡಿಯನ್ನೇ ಅವಲಂಬಿಸಿರುವ ಕಡೆಗಳಲ್ಲಿ ರಕ್ಷಣೆಯ ಹೊಣೆ ನಿರ್ವಹಣೆಯ ಮೇಲೆ ಬೀಳುತ್ತದೆ. ಒಮ್ಮೆ ತೆರೆದ ಪೊಟ್ಟಣವನ್ನು ಉಳಿಸಿಕೊಳ್ಳಬಾರದು. ಕೈ ತೊಳೆದು ಶುದ್ಧ ಪಾತ್ರೆಯಲ್ಲಿ, ಹಾಲೂಡಿಸುವ ಹೊತ್ತಿಗೆ ಹತ್ತಿರವಾಗಿ ಬೆರೆಸಬೇಕು. ಬೆರೆಸಿದ ಹಾಲನ್ನು ಇಡಲೇಬೇಕಾದರೆ ಶೀತಲ ಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಟ್ಟು 24 ಗಂಟೆಗಳ ಒಳಗೆ ಬಳಸಬೇಕು. ವಿತರಕರ ಕಡೆಯಿಂದಲೂ ಕೆಲವು ಕರ್ತವ್ಯಗಳಿವೆ. ಬಿಸಿಲು ಮತ್ತು ತೇವದಿಂದ ದೂರವಿರುವ ಗೋದಾಮು, ಮೊದಲು ಮುಗಿಯುವ ಅವಧಿಯ ಸರಕನ್ನು ಮೊದಲು ಕಳುಹಿಸುವ ಕ್ರಮ, ಯಾವ ತಂಡದ ಪೆಟ್ಟಿಗೆ ಯಾವ ಆಸ್ಪತ್ರೆಗೆ ಹೋಯಿತೆಂಬ ದಾಖಲೆ ಇವು ಅನಿವಾರ್ಯ. ತಯಾರಕರು ಒಂದು ತಂಡದ ಸರಕನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬಂದಾಗ ಆ ದಾಖಲೆಯಿಲ್ಲದ ವಿತರಕರು ಯಾವ ಶಿಶುವನ್ನೂ ರಕ್ಷಿಸಲಾರರು.

ಕಾನೂನಿನ ಚೌಕಟ್ಟು

ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಉತ್ಪಾದನೆ, ಪೂರೈಕೆ ಹಾಗೂ ವಿತರಣೆಯನ್ನು ನಿಯಂತ್ರಿಸುವ ಅಧಿನಿಯಮವನ್ನು ಸಂಸತ್ತು 1992ರಲ್ಲಿ ಅಂಗೀಕರಿಸಿತು. 2003ರಲ್ಲಿ ಅದಕ್ಕೆ ತಿದ್ದುಪಡಿ ತಂದು ಇನ್ನಷ್ಟು ಬಿಗಿಗೊಳಿಸಲಾಯಿತು. ತಾಯಿಹಾಲಿಗೆ ಪೂರ್ಣವಾಗಿ ಅಥವಾ ಭಾಗಶಃ ಬದಲಿಯೆಂದು ಎರಡು ವರ್ಷದವರೆಗಿನ ಮಕ್ಕಳಿಗಾಗಿ ಮಾರಾಟವಾಗುವ ಎಲ್ಲ ಆಹಾರವೂ ಇದರ ವ್ಯಾಪ್ತಿಗೆ ಬರುತ್ತದೆ. ಇಂತಹ ಸರಕಿನ ಜಾಹೀರಾತು ನಿಷಿದ್ಧ. ಉಚಿತ ಮಾದರಿ, ಉಡುಗೊರೆ, ರಿಯಾಯಿತಿಯ ಆಮಿಷ ನಿಷಿದ್ಧ. ಆರೋಗ್ಯ ಕಾರ್ಯಕರ್ತರಿಗೆ ಹಣ ಅಥವಾ ಕೊಡುಗೆ ನೀಡುವಂತಿಲ್ಲ. ಮಾರಾಟದ ಪ್ರಮಾಣವನ್ನು ಆಧರಿಸಿ ನೌಕರರಿಗೆ ಕಮಿಷನ್ ನಿಗದಿ ಮಾಡುವಂತಿಲ್ಲ. ಲೇಬಲ್ಲಿನ ಮೇಲೆ ಶಿಶುವಿನ ಅಥವಾ ಮಹಿಳೆಯ ಚಿತ್ರವಿರಬಾರದು. ಉಲ್ಲಂಘನೆಗೆ ಸೆರೆವಾಸದ ಶಿಕ್ಷೆಯನ್ನೂ ಕಾಯ್ದೆ ವಿಧಿಸುತ್ತದೆ.

ಅವಧಿಪೂರ್ವ ಫಾರ್ಮುಲಾ ಪುಡಿ ಈ ಕಾಯ್ದೆಯ ವ್ಯಾಪ್ತಿಗೆ ನೇರವಾಗಿ ಸೇರುತ್ತದೆ. ಸಾರವರ್ಧಕವು ಬದಲಿಯಲ್ಲವಾದರೂ ಅದನ್ನು ಮಾರುವವರು, ಕೊಳ್ಳುವ ಆಸ್ಪತ್ರೆ ಮತ್ತು ಬಳಸುವ ವಾರ್ಡು ಒಂದೇ ಆಗಿರುವುದರಿಂದ ಅದಕ್ಕೂ ಇದೇ ಕಟ್ಟುಪಾಡನ್ನು ಪಾಲಿಸುವುದು ವಿವೇಕದ ಮಾರ್ಗ. ಹಾಲು ಸಾಲದೆಂದು ಕೊರಗುವ ತಾಯಿಗೆ ಅಂಗಡಿಯ ಮೇಜಿನಿಂದ ಪೊಟ್ಟಣವನ್ನು ನೀಡುವುದು ಎರಡು ರೀತಿಯಲ್ಲಿ ಅಪಾಯ. ಪೂರ್ಣಾವಧಿ ಶಿಶುವಿಗೆ ಅದು ಬೇಡದ ಹೊರೆ. ತನ್ನ ಹಾಲು ಸತ್ವಹೀನವೆಂದು ತಾಯಿ ನಂಬಿ ಹಾಲೂಡಿಸುವುದನ್ನೇ ಬಿಟ್ಟರೆ ಶಿಶುವಿಗೆ ಇದ್ದ ಅತಿ ದೊಡ್ಡ ರಕ್ಷಣೆಯೂ ತಪ್ಪುತ್ತದೆ.

ಮಾನವ ಹಾಲನ್ನು ಸಂಸ್ಕರಿಸಿ ಮಾರುವ ಉದ್ಯಮಕ್ಕೆ ಭಾರತದಲ್ಲಿ ಅವಕಾಶವಿಲ್ಲ. ಬೆಂಗಳೂರಿನಲ್ಲಿಯೂ ಇಂತಹ ಉದ್ಯಮವೊಂದು 2010ರ ದಶಕದಲ್ಲಿ ಆರಂಭವಾಗಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಮಾನವ ಹಾಲಿನ ಸಂಸ್ಕರಣೆ ಹಾಗೂ ಮಾರಾಟಕ್ಕೆ ಅನುಮತಿ ನೀಡಿಲ್ಲವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಮೇ 24ರಂದು ಹೊರಡಿಸಿದ ಸೂಚನೆಯಲ್ಲಿ ಸ್ಪಷ್ಟಪಡಿಸಿ, ಇಂತಹ ಘಟಕಗಳಿಗೆ ಪರವಾನಗಿ ನೀಡದಂತೆ ರಾಜ್ಯಗಳಿಗೆ ತಿಳಿಸಿತು. ಕೇಂದ್ರ ಸರ್ಕಾರದ 2017ರ ಮಾರ್ಗಸೂಚಿಯಂತೆ ದಾನಿಯ ಹಾಲನ್ನು ಆಸ್ಪತ್ರೆಗಳ ಸ್ತನ್ಯ ನಿರ್ವಹಣಾ ಕೇಂದ್ರಗಳ ಮೂಲಕ ಅಗತ್ಯವಿರುವ ಶಿಶುಗಳಿಗೆ ಉಚಿತವಾಗಿಯೇ ನೀಡಬೇಕು. ದಾನ ಮಾಡುವ ತಾಯಿಯೂ ಹಣ ಪಡೆಯುವಂತಿಲ್ಲ. ಏಷ್ಯಾದ ಮೊದಲ ಎದೆಹಾಲು ನಿಧಿ 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಶ್ರಮದಿಂದ ಆರಂಭವಾದದ್ದು ಇದೇ ತತ್ವದ ಮೇಲೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂತಹ ನಿಧಿ ಆರಂಭವಾಯಿತು.

ಸಣ್ಣ ಕೈಗಾರಿಕೆಗಳಿಗಿರುವ ಅವಕಾಶ

ಸಾರವರ್ಧಕವನ್ನೇ ತಯಾರಿಸಲು ಬೇಕಾಗುವ ಕ್ರಿಮಿರಹಿತ ವ್ಯವಸ್ಥೆ, ಪ್ರಯೋಗಾಲಯ ಮತ್ತು ಬಂಡವಾಳ ಸಣ್ಣ ಘಟಕಗಳ ಕೈಗೆಟುಕುವಂತಹವಲ್ಲ. ಆದರೆ ಸಾರವರ್ಧನೆ ಸಫಲವಾಗಲು ಬೇಕಾದ ಸಾಧನಗಳಲ್ಲಿ ಹಲವು ಅವುಗಳ ಸಾಮರ್ಥ್ಯದೊಳಗಿವೆ.

ಮೊದಲನೆಯದು ತೂಕದ ಯಂತ್ರ. ದಿನಕ್ಕೆ 20 ಗ್ರಾಂ ಹೆಚ್ಚಬೇಕಾದ ಶಿಶುವನ್ನು 50 ಗ್ರಾಮಿನ ಅಂತರ ತೋರಿಸುವ ಯಂತ್ರದಲ್ಲಿ ತೂಗಿ ಪ್ರಯೋಜನವಿಲ್ಲ. 5 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾದ ನಿಖರತೆ, ಶಿಶು ಅಲುಗಾಡುವಾಗಲೂ ಸ್ಥಿರವಾಗಿ ತೋರಿಸುವ ಅಂಕಿ, ಸುಲಭವಾಗಿ ತೊಳೆಯಬಹುದಾದ ತಟ್ಟೆ ಇದಕ್ಕೆ ಅವಶ್ಯ. ಎರಡನೆಯದು ಹಾಲು ಹಿಂಡುವ ಪಂಪು ಮತ್ತು ಕುದಿಸಿ ಶುದ್ಧಗೊಳಿಸಬಹುದಾದ ಸಂಗ್ರಹ ಪಾತ್ರೆಗಳು. ಅವಧಿಪೂರ್ವ ಶಿಶುವಿನ ತಾಯಿ ಹಾಲನ್ನು ಕಾಪಾಡಿಕೊಳ್ಳಲು ದಿನಕ್ಕೆ ಎಂಟು ಬಾರಿಯಾದರೂ ಹಿಂಡಬೇಕಾಗುತ್ತದೆ. ಮೂರನೆಯದು ಹಾಲಿಗಾಗಿಯೇ ಮೀಸಲಾದ ಶೀತಲ ಪೆಟ್ಟಿಗೆ ಹಾಗೂ ಉಷ್ಣತೆಯನ್ನು ನಿರಂತರವಾಗಿ ದಾಖಲಿಸುವ ಉಪಕರಣ. ನಾಲ್ಕನೆಯದು ದಾನಿಯ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ತಕ್ಷಣ ತಣಿಸುವ ಪಾಶ್ಚರೀಕರಣ ಯಂತ್ರ. ಉಷ್ಣತೆ ಕಡಿಮೆಯಾದರೆ ಸೋಂಕು ಉಳಿಯುತ್ತದೆ, ಹೆಚ್ಚಾದರೆ ಹಾಲಿನ ರಕ್ಷಕ ಅಂಶಗಳು ನಾಶವಾಗುತ್ತವೆ. ಆದುದರಿಂದ ಇಲ್ಲಿ ಉಷ್ಣತಾ ನಿಯಂತ್ರಣದ ನಿಖರತೆಯೇ ಸರಕಿನ ಬೆಲೆ.

ಈ ಸಾಧನಗಳಲ್ಲಿ ವೈದ್ಯಕೀಯ ಉಪಕರಣಗಳೆಂದು ಪರಿಗಣಿತವಾದವುಗಳಿಗೆ 2017ರ ವೈದ್ಯಕೀಯ ಉಪಕರಣ ನಿಯಮಗಳು ಅನ್ವಯಿಸುತ್ತವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಹಂತಹಂತವಾಗಿ ಇವುಗಳ ವ್ಯಾಪ್ತಿಗೆ ತರಲಾಗಿದೆ. ತೂಕದ ಯಂತ್ರಗಳಿಗೆ 2009ರ ಕಾನೂನು ಮಾಪನ ಅಧಿನಿಯಮದ ನಿಯಮಗಳೂ ಉಂಟು. ಉತ್ಪನ್ನ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಅಚ್ಚು ಮತ್ತು ಯಂತ್ರಗಳಿಗೆ ಹಣ ಹೂಡುವುದು ಲೇಸು. ಹಾಲೂಡಿಸುವ ಬಾಟಲಿ ಮತ್ತು ಅದರ ತೊಟ್ಟು 1992ರ ಅಧಿನಿಯಮದ ವ್ಯಾಪ್ತಿಯಲ್ಲಿಯೇ ಇವೆ ಎಂಬುದನ್ನು ಪ್ಲಾಸ್ಟಿಕ್ ಘಟಕಗಳವರು ವಿಶೇಷವಾಗಿ ಗಮನಿಸಬೇಕು.

ಹೊಣೆಗಾರಿಕೆಯ ಪಾಠ

ಅವಧಿಪೂರ್ವ ಶಿಶುಗಳ ಫಾರ್ಮುಲಾ ಹಾಲು ಮತ್ತು ಕರುಳಿನ ಬೇನೆಯ ಸಂಬಂಧದ ಬಗ್ಗೆ ಸಾಕಷ್ಟು ಎಚ್ಚರಿಕೆ ನೀಡಲಿಲ್ಲವೆಂಬ ಆರೋಪದ ಮೇಲೆ ಅಮೆರಿಕದ ಎರಡು ನ್ಯಾಯಾಲಯಗಳಲ್ಲಿ ಜೂರಿಗಳು 2024ರಲ್ಲಿ ತಯಾರಕರ ವಿರುದ್ಧ ತೀರ್ಪಿತ್ತು, ಒಂದರಲ್ಲಿ 6 ಕೋಟಿ ಡಾಲರ್, ಇನ್ನೊಂದರಲ್ಲಿ 49.5 ಕೋಟಿ ಡಾಲರ್ ಪರಿಹಾರ ವಿಧಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ ಜೂರಿ ತಯಾರಕರ ಪರವಾಗಿ ನಿಂತಿತು. ಫಾರ್ಮುಲಾ ಹಾಲೇ ಬೇನೆಗೆ ಕಾರಣವೆಂಬುದಕ್ಕೆ ನಿರ್ಣಾಯಕ ಆಧಾರವಿಲ್ಲ, ಮಾನವ ಹಾಲು ದೊರೆಯದಿರುವುದೇ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಆ ದೇಶದ ಆರೋಗ್ಯ ಸಂಸ್ಥೆಗಳು ಹೇಳಿಕೆ ನೀಡಿದವು. ವಾದ ಯಾರದೇ ಇರಲಿ, ಸರಕಿನ ಮಿತಿಯನ್ನು ಮುಚ್ಚಿಟ್ಟು ಮಾಡಿದ ಮಾರಾಟ ಮುಂದೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಈ ಮೊಕದ್ದಮೆಗಳು ನಿದರ್ಶನ.

ಸಾರವರ್ಧಕವು ಮಾರುಕಟ್ಟೆಯ ಲೆಕ್ಕದಲ್ಲಿ ಸಣ್ಣ ಸರಕು. ಒಂದು ಆಸ್ಪತ್ರೆಯ ತಿಂಗಳ ಬೇಡಿಕೆ ಕೆಲವೇ ಪೆಟ್ಟಿಗೆಗಳನ್ನು ಮೀರದಿರಬಹುದು. ಆದರೆ ಆ ಪೆಟ್ಟಿಗೆ ಸಕಾಲಕ್ಕೆ ಬಾರದಿದ್ದರೆ ಅಥವಾ ತಪ್ಪು ಸರಕು ಬಂದರೆ ನಷ್ಟವಾಗುವುದು ಮರಳಿ ಬಾರದ ಬೆಳವಣಿಗೆಯ ದಿನಗಳು. ತಾಯಿಯ ಹಾಲನ್ನು ಮೂಲ ಬಂಡವಾಳವೆಂದು ಉಳಿಸಿಕೊಂಡು, ವೈದ್ಯರ ಚೀಟಿಯಂತೆ, ಸರಿಯಾದ ಅಳತೆಯಲ್ಲಿ, ಶುದ್ಧವಾಗಿ ಈ ಪೂರಕವನ್ನು ತಲುಪಿಸುವುದಷ್ಟೇ ವರ್ತಕರ ಮತ್ತು ತಯಾರಕರ ಪಾಲಿನ ಕೆಲಸ.